ಡಯೆಟಿಷಿಯನ್ ಹೊಟ್ಟೆ ನೋಡಬೇಕಾ, ಡಿಗ್ರಿ ನೋಡಬೇಕಾ?

2009ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ, ಸರ್ಜನ್ ಜನರಲ್ ಹುದ್ದೆಗೆ ಡಾ. ರೆಜಿನಾ ಬೆಂಜಮಿನ್ ಅವರ ಹೆಸರು ಸೂಚಿಸಿದರು. ಸರ್ಜನ್ ಜನರಲ್ ಅಂದ್ರೆ ಅಲ್ಲಿನ ಸಾರ್ವಜನಿಕ ಆರೋಗ್ಯದ ಮುಖ್ಯ ದನಿ. ಸಿಗರೇಟಿನಿಂದ ಹಿಡಿದು ಬೊಜ್ಜಿನ ತನಕ ದೇಶಕ್ಕೆ ಬುದ್ಧಿ ಹೇಳೋದು ಅವರ ಕೆಲಸ. ಬೆಂಜಮಿನ್ ಅಲಬಾಮಾ ರಾಜ್ಯದ ಬಾಯು ಲಾ ಬ್ಯಾಟ್ರಿ ಎಂಬ ಮೀನುಗಾರರ ಬಡ ಊರಿನಲ್ಲಿ ಕ್ಲಿನಿಕ್ ನಡೆಸುತ್ತಿದ್ದ ವೈದ್ಯೆ. 1998ರಲ್ಲಿ ಜಾರ್ಜಸ್ ಚಂಡಮಾರುತಕ್ಕೆ ಆ ಕ್ಲಿನಿಕ್ ಹಾಳಾಯಿತು, ಮತ್ತೆ ಕಟ್ಟಿದರು. 2005ರಲ್ಲಿ ಕತ್ರಿನಾ ಬಂತು, ಮತ್ತೆ ಕಟ್ಟಿದರು. ಇನ್ನೇನು ಬಾಗಿಲು ತೆರೀಬೇಕು ಅನ್ನೋ ಹೊತ್ತಿಗೆ ಬೆಂಕಿ ಬಿತ್ತು. ಅದಾದ ಮೇಲೂ ಕಟ್ಟಿ ನಿಲ್ಲಿಸಿದರು.

ಇಷ್ಟೆಲ್ಲ ಮಾಡಿದವರ ಬಗ್ಗೆ ಟಿವಿಯಲ್ಲಿ, ಪತ್ರಿಕೆಗಳಲ್ಲಿ ಎದ್ದ ಚರ್ಚೆ ಯಾವುದು ಗೊತ್ತಾ? ಅವರ ತೂಕ. ದಪ್ಪ ಇರುವ ಹೆಂಗಸು ದೇಶಕ್ಕೆ ಆರೋಗ್ಯ ಪಾಠ ಹೇಳಬಹುದಾ ಅಂತ.

ಐದು ವರ್ಷದ ಬಳಿಕ, 2014ರಲ್ಲಿ, ಬೆಲ್ಜಿಯಂನಲ್ಲಿ ಮ್ಯಾಗಿ ಡಿ ಬ್ಲಾಕ್ ಆರೋಗ್ಯ ಸಚಿವೆಯಾದರು. ಸುಮಾರು 25 ವರ್ಷ ವೈದ್ಯೆಯಾಗಿ ದುಡಿದವರು. ಅವರಿಗೂ ಅದೇ ಪ್ರಶ್ನೆ ಬಂತು: ಈ ಗಾತ್ರದವರು ಆರೋಗ್ಯ ಸಚಿವೆಯಾದರೆ ನಂಬೋದು ಹೇಗೆ?

ಈ ಪ್ರಶ್ನೆ ನಮಗೇನೂ ಹೊಸದಲ್ಲ. ಆಸ್ಪತ್ರೆಯ ಡಯೆಟಿಷಿಯನ್ ಸ್ವಲ್ಪ ದಪ್ಪ ಇದ್ದರೆ ಹೊರಗೆ ಬಂದ ಮೇಲೆ ಮನೆಯವರು ಹೇಳೋ ಮೊದಲ ಮಾತೇ, “ಮೊದಲು ಅವಳು ತೂಕ ಇಳಿಸಲಿ.” ಸಣಕಲು ಇದ್ದರೆ, “ಅವನೇ ಗಾಳಿಗೆ ಹಾರಿ ಹೋಗೋ ಹಾಗಿದ್ದಾನೆ, ನಮಗೇನು ಪ್ರೋಟೀನ್ ಪಾಠ?” ಆಹಾರ ತಜ್ಞರ ಅರ್ಹತೆಯನ್ನು ಅವರ ಮೈಕಟ್ಟಿನಿಂದ ಅಳೀಬಹುದಾ? ಚಿಕ್ಕ ಉತ್ತರ: ಇಲ್ಲ. ಆದರೆ ಚಿಕ್ಕ ಉತ್ತರ ಕೊಟ್ಟು ಮುಗಿಸಿದರೆ, ನಾವು ಯಾಕೆ ಹಾಗೆ ಅಳೀತೀವಿ, ಅದರಿಂದ ಯಾರಿಗೆ ಲಾಭ ಆಗ್ತಿದೆ ಅನ್ನೋದು ತಿಳಿಯೋದೇ ಇಲ್ಲ.

ಪುರಾಣ ಮತ್ತು ಬದನೆಕಾಯಿ

ಮೊದಲಿಗೆ, ಹೀಗೆ ಕೇಳೋರನ್ನು ದಡ್ಡರು ಅಂತ ತಳ್ಳಿಹಾಕೋದು ಬೇಡ. ಪ್ರಶ್ನೆಯ ಹಿಂದೆ ಒಂದು ನ್ಯಾಯವಾದ ನಿರೀಕ್ಷೆ ಇದೆ. “ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ” ಅನ್ನೋ ಗಾದೆ ಕಟ್ಟಿದ ಭಾಷೆ ನಮ್ಮದು. ನುಡಿ ಮತ್ತು ನಡೆ ಒಂದಾಗಿರಬೇಕು ಅನ್ನೋದು ವಚನ ಚಳವಳಿಯಿಂದ ಇಲ್ಲಿ ಬೇರೂರಿರುವ ಅಳತೆಗೋಲು. ರಾಜಕಾರಣಿಗೆ, ಸ್ವಾಮೀಜಿಗೆ, ಮೇಷ್ಟ್ರಿಗೆ ಹಚ್ಚುವ ಅಳತೆಯನ್ನು ಆಹಾರ ತಜ್ಞರಿಗೂ ಹಚ್ಚಿದರೆ ತಪ್ಪೇನು?

ಅಧ್ಯಯನಗಳೂ ಈ ಭಾವನೆ ಎಷ್ಟು ಗಟ್ಟಿ ಅಂತ ತೋರಿಸಿವೆ. ಅಮೆರಿಕದಲ್ಲಿ ರೆಬೆಕಾ ಪುಲ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ದಪ್ಪ ಇರುವ ವೈದ್ಯರನ್ನು ಜನ ಕಡಿಮೆ ನಂಬುತ್ತಾರೆ, ಅವರ ಸಲಹೆ ಪಾಲಿಸೋಕೂ ಹಿಂದೇಟು ಹಾಕುತ್ತಾರೆ ಅನ್ನೋದು ಕಂಡುಬಂತು. ಗಮನಿಸಿ, ಹಾಗೆ ಹೇಳಿದವರಲ್ಲಿ ತೆಳ್ಳಗಿದ್ದವರಷ್ಟೇ ಅಲ್ಲ, ದಪ್ಪಗಿದ್ದವರೂ ಇದ್ದರು. ಇನ್ನೊಂದು ಅಧ್ಯಯನ 2012ರದ್ದು, ಸಾರಾ ಬ್ಲೈಕ್ ತಂಡದ್ದು. ಅಲ್ಲಿ 500 ವೈದ್ಯರನ್ನು ಕೇಳಲಾಗಿತ್ತು. ಬೊಜ್ಜಿರುವ ರೋಗಿಗಳ ಜೊತೆ ತೂಕದ ವಿಷಯ ಎತ್ತುವವರ ಪ್ರಮಾಣ ಸಾಮಾನ್ಯ ತೂಕದ ವೈದ್ಯರಲ್ಲಿ ಶೇ. 30 ಇದ್ದರೆ, ಹೆಚ್ಚು ತೂಕದ ವೈದ್ಯರಲ್ಲಿ ಶೇ. 18 ಇತ್ತು.

ಅಂದ್ರೆ, ಸಲಹೆ ಕೊಡುವವರ ದೇಹ ಆ ಕೋಣೆಯಲ್ಲಿ ಏನೋ ಒಂದು ಪರಿಣಾಮ ಬೀರುತ್ತೆ. ಕೇಳುವವರ ನಂಬಿಕೆಯ ಮೇಲೂ, ಹೇಳುವವರ ಧೈರ್ಯದ ಮೇಲೂ. ಇದು ನಿಜ. ಈ ಎರಡೂ ಅಧ್ಯಯನ ವೈದ್ಯರ ಬಗ್ಗೆ ನಡೆದದ್ದು, ಆದರೆ ಆಹಾರ ತಜ್ಞರ ವಿಷಯದಲ್ಲಿ ಈ ಒತ್ತಡ ಹೆಚ್ಚೇ ಇರುತ್ತೆ ಅಂತ ಊಹಿಸೋಕೆ ಕಷ್ಟವಿಲ್ಲ.

ಆದರೆ “ಜನ ನಂಬೋದಿಲ್ಲ” ಅನ್ನೋದು ಬೇರೆ, “ನಂಬಬಾರದು” ಅನ್ನೋದು ಬೇರೆ. ಮೊದಲನೆಯದು ನಮ್ಮ ಬಗ್ಗೆ ಹೇಳುತ್ತೆ, ಎರಡನೆಯದು ತಜ್ಞರ ಬಗ್ಗೆ. ಮತ್ತೆ ಗಾದೆಗೆ ಬನ್ನಿ. ಪುರಾಣ ಹೇಳಿದವನು ಬದನೆಕಾಯಿ ತಿಂದದ್ದು ಅವನ ನಡೆ. ಅವನ ಹೊಟ್ಟೆಯ ಸುತ್ತಳತೆ ನಡೆಯಲ್ಲ. ನಮ್ಮ ಇಡೀ ಗೊಂದಲ ಇಲ್ಲೇ ಇರೋದು: ನಾವು ದೇಹವನ್ನು ನೋಡಿ ನಡೆಯನ್ನು ಓದಿದೆವು ಅಂದುಕೊಳ್ತೀವಿ.

ಒಂದು ಔಟ್‌ಪುಟ್‌ನಿಂದ ಹತ್ತು ಇನ್‌ಪುಟ್ ಹುಡುಕಿದ ಹಾಗೆ

ಎಂಜಿನಿಯರಿಂಗ್ ಓದಿದವರಿಗೆ ಈ ಸಮಸ್ಯೆ ಗೊತ್ತಿರುತ್ತೆ. ಒಂದು ಪೆಟ್ಟಿಗೆಗೆ ಹತ್ತು ಇನ್‌ಪುಟ್, ಒಂದೇ ಔಟ್‌ಪುಟ್. ಔಟ್‌ಪುಟ್ ಒಂದನ್ನೇ ತೋರಿಸಿ, “ಮೂರನೇ ಇನ್‌ಪುಟ್ ಎಷ್ಟಿತ್ತು ಹೇಳಿ” ಅಂದರೆ ಲೆಕ್ಕ ಬಿಡಿಸೋಕೆ ಸಾಧ್ಯವೇ ಇಲ್ಲ. ದೇಹದ ಗಾತ್ರ ಅಂಥ ಔಟ್‌ಪುಟ್. ಊಟ, ಓಡಾಟ ಅದರ ಇನ್‌ಪುಟ್‌ಗಳು ಹೌದು. ಜೊತೆಗೆ ವಂಶವಾಹಿ, ಬಾಲ್ಯದ ಪೋಷಣೆ, ನಿದ್ದೆ, ರಾತ್ರಿ ಪಾಳಿ, ಪಿಸಿಒಎಸ್, ಥೈರಾಯ್ಡ್, ಹೆರಿಗೆ, ಸ್ಟೀರಾಯ್ಡ್ ಮಾತ್ರೆ, ಕೆಲವು ಮಾನಸಿಕ ಕಾಯಿಲೆಯ ಔಷಧಿ, ಇವೂ ಇವೆ.

ವಂಶವಾಹಿಯ ಪಾಲು ಎಷ್ಟು? ಆಲ್ಬರ್ಟ್ ಸ್ಟಂಕರ್ಡ್ ತಂಡ 1990ರಲ್ಲಿ ಸ್ವೀಡನ್‌ನ ಅವಳಿಗಳ ಮೇಲೆ ಮಾಡಿದ ಅಧ್ಯಯನ ಇದಕ್ಕೆ ಪ್ರಸಿದ್ಧ. ಒಂದೇ ಮನೆಯಲ್ಲಿ ಬೆಳೆದ ಅವಳಿಗಳು ಮತ್ತು ಚಿಕ್ಕಂದಿನಲ್ಲೇ ಬೇರೆಯಾಗಿ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳು, ಇಬ್ಬರನ್ನೂ ಹೋಲಿಸಿದರು. ಬೇರೆ ಬೇರೆ ತಾಟಿನಲ್ಲಿ ಉಂಡು ಬೆಳೆದರೂ, ತದ್ರೂಪಿ ಅವಳಿಗಳ ಬಿಎಂಐ ಒಂದಕ್ಕೊಂದು ಬಹಳ ಹತ್ತಿರ ಇತ್ತು. ಜನರ ನಡುವಿನ ಬಿಎಂಐ ವ್ಯತ್ಯಾಸದಲ್ಲಿ ಮುಕ್ಕಾಲಿಗೆ ಸಮೀಪದಷ್ಟು ಪಾಲು ವಂಶವಾಹಿಯದ್ದು ಅನ್ನೋದು ಅವರ ಅಂದಾಜು. ಬೇರೆ ಅಧ್ಯಯನಗಳು ಇದನ್ನು ಇನ್ನೂ ಕಡಿಮೆ ಅಂತ ಲೆಕ್ಕ ಹಾಕಿವೆ. ಆದರೂ ಅದು ಸಣ್ಣ ಪಾಲು ಅಂತ ಯಾರೂ ಹೇಳಲ್ಲ. ಹಾಗಂತ ಎಲ್ಲ ಹಣೆಬರಹ ಅಂತಲೂ ಅರ್ಥವಲ್ಲ. ಒಂದೇ ಊಟ, ಒಂದೇ ವ್ಯಾಯಾಮ ಇಬ್ಬರಲ್ಲಿ ಎರಡು ದೇಹ ಕೊಡಬಹುದು ಅಂತ ಅರ್ಥ.

ತೂಕ ಇಳಿಸಿದ ಮೇಲಿನ ಕಥೆ ಇನ್ನೂ ಕಠಿಣ. ‘ದಿ ಬಿಗ್ಗೆಸ್ಟ್ ಲೂಸರ್’ ಅನ್ನೋ ಅಮೆರಿಕದ ರಿಯಾಲಿಟಿ ಶೋ ನಿಮಗೆ ನೆನಪಿರಬಹುದು. ಅದರ 14 ಸ್ಪರ್ಧಿಗಳನ್ನು ಕೆವಿನ್ ಹಾಲ್ ಎಂಬ ವಿಜ್ಞಾನಿ ಆರು ವರ್ಷದ ಬಳಿಕ ಮತ್ತೆ ಪರೀಕ್ಷೆ ಮಾಡಿದರು. ಶೋನಲ್ಲಿ ಸರಾಸರಿ 58 ಕೆಜಿ ಇಳಿಸಿದ್ದವರು ಸರಾಸರಿ 41 ಕೆಜಿ ವಾಪಸ್ ಪಡೆದಿದ್ದರು. ಅಷ್ಟೇ ಅಲ್ಲ, ಆ ಗಾತ್ರದ ದೇಹ ವಿಶ್ರಾಂತಿಯಲ್ಲಿ ಎಷ್ಟು ಶಕ್ತಿ ಖರ್ಚು ಮಾಡಬೇಕೋ ಅದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ ಖರ್ಚು ಮಾಡ್ತಿತ್ತು. ಇಳಿದ ತೂಕವನ್ನು ಮರಳಿ ತರೋಕೆ ದೇಹ ತಾನೇ ಹೋರಾಡುತ್ತೆ ಅಂದಹಾಗೆ.

ಈಗ ಯೋಚಿಸಿ. ನಿಮ್ಮೆದುರು ಕೂತಿರುವ 78 ಕೆಜಿಯ ಡಯೆಟಿಷಿಯನ್ ಒಂದು ಕಾಲದಲ್ಲಿ 100 ಕೆಜಿ ಇದ್ದು, 22 ಕೆಜಿ ಇಳಿಸಿ, ಹತ್ತು ವರ್ಷದಿಂದ ಅದನ್ನು ಹಿಡಿದಿಟ್ಟುಕೊಂಡಿರಬಹುದು. ಪಕ್ಕದ ಕೋಣೆಯ 55 ಕೆಜಿಯವರು ಜೀವನದಲ್ಲಿ ಒಂದು ದಿನವೂ ಊಟದ ಬಗ್ಗೆ ತಲೆ ಕೆಡಿಸಿಕೊಂಡಿರದೇ ಇರಬಹುದು. ನುಡಿದಂತೆ ನಡೆದವರು ಯಾರು? ನೋಡಿ ಹೇಳೋಕಾಗಲ್ಲ.

ತೆಳ್ಳಗಿರೋದು ಮೆಡಿಕಲ್ ರಿಪೋರ್ಟ್ ಅಲ್ಲ

ಸರಿ, ನಡೆ ಓದೋಕಾಗಲ್ಲ. ಆರೋಗ್ಯವನ್ನಾದರೂ ಓದಬಹುದಾ? ಇದಕ್ಕೆ ಉತ್ತರ ಕೊಟ್ಟ ಒಂದು ಚಿತ್ರ ಪುಣೆಯಿಂದ ಬಂದಿದೆ, ಅದೂ ಇಬ್ಬರು ವಿಜ್ಞಾನಿಗಳ ಸ್ವಂತ ದೇಹದಿಂದ.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಫೋಟೋ ಪ್ರಕಟಿಸಿದರು. ಇಬ್ಬರೂ ಅಕ್ಕಪಕ್ಕ. ಇಬ್ಬರ ಬಿಎಂಐ ಕೂಡ 22.3. ಚಾರ್ಟಿನ ಪ್ರಕಾರ ಇಬ್ಬರೂ ‘ನಾರ್ಮಲ್’. ಆದರೆ ದೇಹದ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಎರಡು ಪಟ್ಟಿಗೂ ಹೆಚ್ಚು! ಇಬ್ಬರ ಹೆಸರೂ ಇಂಗ್ಲಿಷಿನ ‘ವೈ’ ಅಕ್ಷರದಿಂದ ಶುರುವಾಗೋದರಿಂದ ಇದಕ್ಕೆ ‘ವೈ-ವೈ ವಿರೋಧಾಭಾಸ’ ಅಂತ ಹೆಸರಾಯಿತು.

ಯಾಜ್ಞಿಕ್ ತಂಡ ಪುಣೆ ಸುತ್ತಲ ಹಳ್ಳಿಗಳ ನವಜಾತ ಶಿಶುಗಳಲ್ಲೂ ಇದನ್ನೇ ಕಂಡಿತು. ಬ್ರಿಟನ್ನಿನ ಮಗು ಹುಟ್ಟುವಾಗ ಸರಾಸರಿ 3.5 ಕೆಜಿ ಇದ್ದರೆ, ಇಲ್ಲಿನ ಮಗು 2.7 ಕೆಜಿ. ಆದರೆ ಕಡಿಮೆಯಾದದ್ದು ಹೆಚ್ಚಾಗಿ ಸ್ನಾಯು, ಅಂಗಾಂಗ. ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ನೋಡೋಕೆ ಸಣ್ಣ, ಒಳಗೆ ಕೊಬ್ಬು. ‘ಥಿನ್-ಫ್ಯಾಟ್’ ಭಾರತೀಯ ಅಂತ ಕರೆಯೋದು ಇದನ್ನೇ. 2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ ಅಂತ ಅಂದಾಜಿಸಿತು. ಅವರಲ್ಲಿ ನೋಡೋಕೆ ‘ಫಿಟ್’ ಆಗಿರೋರು ನಿಮ್ಮ ಮನೆಯಲ್ಲೇ ಒಬ್ಬರಿರಬಹುದು.

ಇನ್ನು ಬಿಎಂಐ ಅನ್ನೋ ಅಳತೆಗೋಲು. ಅದರ ಸೂತ್ರ ಹುಟ್ಟಿದ್ದು 1830ರ ದಶಕದಲ್ಲಿ, ಡಿ ಬ್ಲಾಕ್ ಅವರ ಅದೇ ಬೆಲ್ಜಿಯಂನ ಅಡಾಲ್ಫ್ ಕೆಟೆಲೆ ಎಂಬವರಿಂದ. ಆತ ವೈದ್ಯನಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರಜ್ಞ. ಅವನ ಆಸಕ್ತಿ ‘ಸರಾಸರಿ ಮನುಷ್ಯ’ನಲ್ಲಿತ್ತು, ರೋಗಿಯಲ್ಲಲ್ಲ. ‘ಬಾಡಿ ಮಾಸ್ ಇಂಡೆಕ್ಸ್’ ಅನ್ನೋ ಹೆಸರು ಕೊಟ್ಟದ್ದು 1972ರಲ್ಲಿ ಆನ್ಸೆಲ್ ಕೀಸ್. ಲಕ್ಷ ಜನರ ಲೆಕ್ಕಕ್ಕೆ ಇದು ಉಪಯುಕ್ತ ಸಂಖ್ಯೆ. ಎದುರಿಗಿರುವ ಒಬ್ಬರ ಬಗ್ಗೆ ಅದು ಹೇಳೋದು ಅರ್ಧ ಕಥೆ. ಯಂತ್ರ ಇಟ್ಟು ಅಳೆದ ಸಂಖ್ಯೆಯೇ ಅರ್ಧ ಕಥೆ ಹೇಳೋದಾದರೆ, ಬರೀ ಕಣ್ಣಂದಾಜು ಎಷ್ಟು ಹೇಳೀತು?

ಕನ್ನಡಿಗರಿಗೆ ಇದನ್ನು ಅಂಕಿಅಂಶ ಕೊಟ್ಟು ಒಪ್ಪಿಸೋ ಅಗತ್ಯವೂ ಇಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 46 ವರ್ಷ. ಫಿಟ್‌ನೆಸ್ ಅಂದ್ರೆ ಅಪ್ಪು ಅನ್ನುತ್ತಿದ್ದ ನಾಡು ಇದು. ನಂತರದ ದಿನಗಳಲ್ಲಿ ಜಯದೇವ ಆಸ್ಪತ್ರೆ ಎದುರು ಹೃದಯ ತಪಾಸಣೆಗೆ ನಿಂತ ಸಾಲು ನೋಡಿದವರಿಗೆ ನೆನಪಿರುತ್ತೆ. ಆ ಸಾಲಿನಲ್ಲಿ ನಿಂತವರಿಗೆಲ್ಲ ಒಂದು ಸತ್ಯ ಅರಿವಾಗಿತ್ತು: ಹೊರಗಿನ ಮೈಕಟ್ಟು ಒಳಗಿನ ರಿಪೋರ್ಟ್ ಅಲ್ಲ. ಇಬ್ಬರಿಗೂ, ದಪ್ಪ ಇರುವವರಿಗೂ ತೆಳ್ಳಗಿರುವವರಿಗೂ, ಆ ಸತ್ಯ ಒಂದೇ.

ಒಬ್ಬ ಸತ್ತವನ ತೂಕಕ್ಕೆ ನಡೆದ ಜಗಳ

ದೇಹವನ್ನೇ ಸಾಕ್ಷಿ ಮಾಡಿದರೆ ವಾದ ಎಲ್ಲಿಗೆ ಹೋಗಿ ನಿಲ್ಲುತ್ತೆ ಅನ್ನೋದಕ್ಕೆ ಡಾ. ರಾಬರ್ಟ್ ಆಟ್ಕಿನ್ಸ್ ಪ್ರಕರಣ ನೋಡಬೇಕು. ಅನ್ನ, ಬ್ರೆಡ್ ಬಿಡಿ, ಮಾಂಸ-ಮೊಟ್ಟೆ-ಕೊಬ್ಬು ತಿನ್ನಿ ಅಂದ ಆಟ್ಕಿನ್ಸ್ ಡಯೆಟ್‌ನ ಜನಕ. ಇಂದಿನ ಕೀಟೊ ಹುಚ್ಚಿಗೆಲ್ಲ ಹಿರಿಯ. 2003ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಹಿಮದ ಮೇಲೆ ಜಾರಿಬಿದ್ದು, ತಲೆಗೆ ಪೆಟ್ಟಾಗಿ, ಒಂಬತ್ತು ದಿನಕ್ಕೆ ತೀರಿಕೊಂಡರು. ವಯಸ್ಸು 72.

ಮರುವರ್ಷ ಅವರ ವೈದ್ಯಕೀಯ ವರದಿ ಸೋರಿಕೆಯಾಗಿ ಪತ್ರಿಕೆಗೆ ಬಂತು. ಸಾಯುವಾಗ ತೂಕ 258 ಪೌಂಡ್, ಅಂದ್ರೆ 117 ಕೆಜಿ. ಸಸ್ಯಾಹಾರದ ಪರ ಪ್ರಚಾರ ಮಾಡುವ ವೈದ್ಯರ ಸಂಘವೊಂದು ಇದನ್ನು ಪತ್ರಿಕೆಗೆ ತಲುಪಿಸಿತ್ತು. ನೋಡಿ, ಡಯೆಟ್ ಗುರುವೇ ಬೊಜ್ಜಿನವನು! ಆಟ್ಕಿನ್ಸ್ ಕಡೆಯವರು ತಿರುಗೇಟು ಕೊಟ್ಟರು: ಆಸ್ಪತ್ರೆಗೆ ಸೇರುವಾಗ ಅವರ ತೂಕ 195 ಪೌಂಡ್, ಅಂದ್ರೆ 88 ಕೆಜಿ ಇತ್ತು. ಕೋಮಾದಲ್ಲಿದ್ದಾಗ ದೇಹದಲ್ಲಿ ನೀರು ತುಂಬಿ ತೂಕ ಏರಿತು.

ಯಾರು ಸರಿ ಅನ್ನೋದು ಇಲ್ಲಿ ಮುಖ್ಯವೇ ಅಲ್ಲ. ಆಟ್ಕಿನ್ಸ್ 88 ಕೆಜಿ ಇದ್ದರೆ ಆ ಡಯೆಟ್ ಸರಿಯಾಗಿಬಿಡುತ್ತಾ? 117 ಕೆಜಿ ಇದ್ದರೆ ತಪ್ಪಾಗಿಬಿಡುತ್ತಾ? ಒಬ್ಬ ಮನುಷ್ಯ ಅಂದ್ರೆ ಒಂದೇ ಡೇಟಾ ಪಾಯಿಂಟ್. ಡಯೆಟ್ ಸರಿಯೋ ತಪ್ಪೋ ಅಂತ ತಿಳಿಯೋ ದಾರಿ ಬೇರೆ ಇದೆ. ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೊಫರ್ ಗಾರ್ಡ್ನರ್ ತಂಡ 609 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಕಡಿಮೆ ಕೊಬ್ಬಿನ ಊಟ, ಇನ್ನೊಂದಕ್ಕೆ ಕಡಿಮೆ ಕಾರ್ಬೊಹೈಡ್ರೇಟ್‌ನ ಊಟ ಕೊಟ್ಟು 12 ತಿಂಗಳು ನೋಡಿತು. 2018ರಲ್ಲಿ ಫಲಿತಾಂಶ ಬಂತು: ಮೊದಲ ಗುಂಪು ಸರಾಸರಿ 5.3 ಕೆಜಿ, ಎರಡನೆಯದು 6 ಕೆಜಿ ಇಳಿಸಿತ್ತು. ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಈ ಉತ್ತರ ಕಂಡುಕೊಳ್ಳೋಕೆ ಸಂಶೋಧಕರ ಸೊಂಟದಳತೆ ಯಾರಿಗೂ ಬೇಕಾಗಲಿಲ್ಲ.

ಆಹಾರ ತಜ್ಞರ ಕೆಲಸ ಏನು ಅಂತ ಗೊತ್ತಾ?

ಇನ್ನೊಂದು ತಪ್ಪು ಕಲ್ಪನೆ ಎಂದರೆ, ಪೌಷ್ಟಿಕತೆ ಅಂದ್ರೆ ತೂಕ ಇಳಿಸೋದು ಅನ್ನೋದು. ರೀಲ್ಸ್ ನೋಡಿದರೆ ಹಾಗೇ ಅನಿಸುತ್ತೆ. ಆಸ್ಪತ್ರೆಯ ವಾರ್ಡ್‌ನಲ್ಲಿ ಚಿತ್ರ ಬೇರೆ.

ಕಿಡ್ನಿ ವೈಫಲ್ಯವಾಗಿ ಡಯಾಲಿಸಿಸ್‌ನಲ್ಲಿರುವವರಿಗೆ ಎಳನೀರು, ಬಾಳೆಹಣ್ಣು ವಿಷವಾಗಬಹುದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯ ನಿಲ್ಲುವ ಅಪಾಯ ಇದೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಬೇಯಿಸಿ, ನೀರು ಚೆಲ್ಲಿ ಬಳಸಿ ಅಂತ ಹೇಳಿಕೊಡೋರು ಡಯೆಟಿಷಿಯನ್. ತೀವ್ರ ಅಪೌಷ್ಟಿಕತೆಯಿಂದ ಬಳಲಿ ಬಂದ ಮಗುವಿಗೆ ಮೊದಲ ದಿನವೇ ಹೊಟ್ಟೆ ತುಂಬ ಉಣಿಸಿದರೆ ಮಗು ಸಾಯಬಹುದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ಪದ್ಧತಿಯಲ್ಲಿ ಮೊದಲು ಎಫ್-75 ಎಂಬ ಕಡಿಮೆ ಶಕ್ತಿಯ ಹಾಲು, ಮಗು ಚೇತರಿಸಿಕೊಂಡ ಮೇಲೆ ಎಫ್-100. ಐಸಿಯುನಲ್ಲಿ ನಳಿಕೆ ಮೂಲಕ ಎಷ್ಟು ಆಹಾರ ಹೋಗಬೇಕು, ಇನ್ಸುಲಿನ್ ತಗೊಳ್ಳೋ ಮಗು ಎಷ್ಟು ಅನ್ನಕ್ಕೆ ಎಷ್ಟು ಯೂನಿಟ್ ಲೆಕ್ಕ ಹಾಕಬೇಕು, ಇವೆಲ್ಲ ಇದೇ ಕೆಲಸ.

ಇಲ್ಲಿ ಯಾವುದರಲ್ಲಿ ತಜ್ಞರ ಹೊಟ್ಟೆ ಲೆಕ್ಕಕ್ಕೆ ಬರುತ್ತೆ? ಕ್ಯಾನ್ಸರ್ ಬಂದ ಆಂಕಾಲಜಿಸ್ಟ್‌ಗೆ “ನಿಮಗೇ ಕ್ಯಾನ್ಸರ್ ಬಂತಲ್ಲ” ಅಂತ ನಾವು ಹೇಳಲ್ಲ. ಕನ್ನಡಕ ಹಾಕಿದ ಕಣ್ಣಿನ ಡಾಕ್ಟರ್ ಹತ್ರ ನಿಶ್ಚಿಂತೆಯಿಂದ ಹೋಗ್ತೀವಿ. ಕ್ರಿಕೆಟ್ ಕೋಚ್ ತಾನೇ ಸಿಕ್ಸರ್ ಹೊಡೀಬೇಕು ಅಂತ ಕೇಳಲ್ಲ. ತೂಕದ ವಿಷಯದಲ್ಲಿ ಮಾತ್ರ ಬೇರೆ ನ್ಯಾಯ. ಕಾರಣ ಸರಳ: ದಪ್ಪ ಇರೋದನ್ನು ನಾವು ಒಳಗೊಳಗೇ ಶೀಲದ ಪ್ರಶ್ನೆ ಅಂತ ನೋಡ್ತೀವಿ. ಸೋಮಾರಿ, ತಿಂಡಿಪೋತ, ಶಿಸ್ತಿಲ್ಲದವಳು. ಆಕಾರದ ಮೇಲೆ ಹಾಕೋ ತೀರ್ಪು ನಿಜಕ್ಕೂ ನಡತೆಯ ಮೇಲೆ ಹಾಕಿದ ತೀರ್ಪೇ.

ಈ ಅಳತೆಗೋಲಿನಿಂದ ಲಾಭ ಯಾರಿಗೆ?

ದೇಹವೇ ಸರ್ಟಿಫಿಕೇಟ್ ಆದರೆ, ಒಳ್ಳೆ ದೇಹ ಇರುವ ಯಾರು ಬೇಕಾದರೂ ತಜ್ಞರಾಗಬಹುದು. ‘ಲಿವರ್ ಕಿಂಗ್’ ಹೆಸರಿನ ಬ್ರಯಾನ್ ಜಾನ್ಸನ್ ಇದಕ್ಕೆ ಸಾಕ್ಷಿ. ಹಸಿ ಲಿವರ್ ತಿನ್ನಿ, ಆದಿಮಾನವರ ಹಾಗೆ ಬದುಕಿ, ಈ ಮೈಕಟ್ಟು ಬರುತ್ತೆ ಅಂತ ಹೇಳಿ ಲಕ್ಷಾಂತರ ಹುಡುಗರನ್ನು ಸೆಳೆದಾತ. ಜೊತೆಗೆ ಸಪ್ಲಿಮೆಂಟ್ ಮಾರಾಟ. ಸ್ಟೀರಾಯ್ಡ್ ತಗೊಳ್ತೀರಾ ಅಂದಾಗ ಇಲ್ಲ ಅನ್ನುತ್ತಿದ್ದರು. 2022ರ ಡಿಸೆಂಬರ್‌ನಲ್ಲಿ ಇಮೇಲ್‌ಗಳು ಬಯಲಾದ ಮೇಲೆ, ಹೌದು ತಗೊಳ್ತಿದ್ದೆ ಅಂತ ಒಪ್ಪಿಕೊಂಡರು.

ಇಲ್ಲಿ ಒಂದು ವಿನಾಯಿತಿ ಹೇಳಲೇಬೇಕು. ಯಾರು ತಮ್ಮ ದೇಹವನ್ನೇ ಜಾಹೀರಾತು ಮಾಡಿ, “ನಾನು ತಿಂದದ್ದನ್ನು ತಿಂದರೆ ನೀವೂ ಹೀಗಾಗ್ತೀರಿ” ಅಂತ ಮಾರುತ್ತಾರೋ, ಅವರ ದೇಹ ಪ್ರಶ್ನೆಗೆ ಒಳಪಡುತ್ತೆ. ಅದು ಅವರೇ ಮುಂದಿಟ್ಟ ಪುರಾವೆ. ಆ ಪುರಾವೆಯ ಹಿಂದೆ ಸ್ಟೀರಾಯ್ಡ್ ಇದೆಯಾ, ಎಡಿಟಿಂಗ್ ಇದೆಯಾ, ದಿನಕ್ಕೆ ನಾಲ್ಕು ಗಂಟೆ ಜಿಮ್ ಇದೆಯಾ ಅಂತ ಕೇಳೋದು ನಮ್ಮ ಹಕ್ಕು. ತನ್ನ ದೇಹವನ್ನು ಮಾರಾಟಕ್ಕಿಡದೆ ಕಲಿತ ವಿದ್ಯೆಯಿಂದ ಸಲಹೆ ಕೊಡುವವರಿಗೆ ಅದೇ ಪ್ರಶ್ನೆ ಕೇಳೋ ಹಕ್ಕು ನಮಗಿಲ್ಲ.

ಹಾಗಿದ್ದರೆ ಜನ ದೇಹವನ್ನೇ ಯಾಕೆ ನೋಡ್ತಾರೆ? ನೋಡೋಕೆ ಬೇರೇನೂ ಸುಲಭವಾಗಿ ಸಿಗಲ್ಲ ಅನ್ನೋದೂ ಒಂದು ಕಾರಣ. ಎಂಬಿಬಿಎಸ್ ಇಲ್ಲದೆ ಬೋರ್ಡ್ ಹಾಕಿದರೆ ನಕಲಿ ವೈದ್ಯ ಅಂತ ಹಿಡೀತಾರೆ. ‘ನ್ಯೂಟ್ರಿಷನಿಸ್ಟ್’ ಅಂತ ಬೋರ್ಡ್ ಹಾಕೋಕೆ ನಮ್ಮ ದೇಶದಲ್ಲಿ ಬಹುಕಾಲ ಯಾವ ಕಾನೂನಿನ ಅಡ್ಡಿಯೂ ಇರಲಿಲ್ಲ. ವಾರಾಂತ್ಯದ ಆನ್‌ಲೈನ್ ಕೋರ್ಸ್ ಮಾಡಿದವರೂ, ಐದಾರು ವರ್ಷ ಓದಿ ಆಸ್ಪತ್ರೆಯಲ್ಲಿ ತರಬೇತಿ ಪಡೆದವರೂ ಒಂದೇ ಹೆಸರು ಹಾಕಿಕೊಳ್ಳಬಹುದಿತ್ತು. ಇಂಡಿಯನ್ ಡಯೆಟೆಟಿಕ್ ಅಸೋಸಿಯೇಷನ್ ನಡೆಸುವ ಪರೀಕ್ಷೆ ಪಾಸಾದವರಿಗೆ ‘ರಿಜಿಸ್ಟರ್ಡ್ ಡಯೆಟಿಷಿಯನ್’ ಅನ್ನೋ ಮನ್ನಣೆ ಇದೆ. ಆದರೆ ಅದನ್ನು ಮಾಡಲೇಬೇಕು ಅಂತಿರಲಿಲ್ಲ.

2021ರಲ್ಲಿ ಸಂಸತ್ತು ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ತಂದಿತು. ಪೌಷ್ಟಿಕ ವಿಜ್ಞಾನ ವೃತ್ತಿಪರರು ಅದರ ಪಟ್ಟಿಯಲ್ಲಿದ್ದಾರೆ. ಶಿಕ್ಷಣದ ಮಟ್ಟ ನಿಗದಿ ಮಾಡೋದು, ರಿಜಿಸ್ಟರ್ ಇಡೋದು ಅದರ ಉದ್ದೇಶ. ಕಾಯ್ದೆ ಬಂದು ಮೂರು ವರ್ಷವಾದರೂ ಜಾರಿ ತೆವಳುತ್ತಲೇ ಇತ್ತು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಮತ್ತು ರಾಜ್ಯಗಳಿಗೆ ಗಡುವು ಕೊಡಬೇಕಾಯಿತು. 2023ರಲ್ಲಿ ಜಾಹೀರಾತು ಮಾನಕ ಮಂಡಳಿ ಆಸ್ಕಿ, ಆರೋಗ್ಯ ಸಲಹೆ ಕೊಡುವ ಇನ್‌ಫ್ಲುಯೆನ್ಸರ್‌ಗಳು ತಮ್ಮ ವಿದ್ಯಾರ್ಹತೆ ತೋರಿಸಬೇಕು ಅಂತ ನಿಯಮ ಮಾಡಿತು. ನಿಮ್ಮ ಫೀಡ್‌ನಲ್ಲಿ ಎಷ್ಟು ಜನ ತೋರಿಸ್ತಿದ್ದಾರೆ, ನೀವೇ ಎಣಿಸಿ ನೋಡಿ.

ಕಾಗದದ ಸರ್ಟಿಫಿಕೇಟ್‌ಗೆ ಬೆಲೆ ಇಲ್ಲದ ಕಡೆ ಸಿಕ್ಸ್ ಪ್ಯಾಕ್ ಸರ್ಟಿಫಿಕೇಟ್ ಆಗುತ್ತೆ. ಇದು ಬರೀ ಜನರ ಪೂರ್ವಗ್ರಹದ ಕಥೆಯಲ್ಲ, ಸರ್ಕಾರ ಮಾಡಬೇಕಾದ್ದನ್ನು ಮಾಡದೇ ಬಿಟ್ಟ ಕಥೆ ಕೂಡ.

ಅಂಗನವಾಡಿ ಕಾರ್ಯಕರ್ತೆಯ ಕೈಯಲ್ಲಿ ಕಬ್ಬಿಣಾಂಶದ ಮಾತ್ರೆ

ಈ ಚರ್ಚೆ ಬೆಂಗಳೂರಿನ ಜಿಮ್, ಕ್ಲಿನಿಕ್‌ಗಳಿಗೆ ಸೀಮಿತ ಅಂದುಕೊಂಡರೆ ಒಂದು ದೊಡ್ಡ ವಿಷಯ ಬಿಟ್ಟುಹೋಗುತ್ತೆ. ಈ ರಾಜ್ಯದಲ್ಲಿ ಅತಿ ಹೆಚ್ಚು ಜನಕ್ಕೆ ಪೌಷ್ಟಿಕತೆಯ ಬಗ್ಗೆ ಹೇಳುವವರು ಡಯೆಟಿಷಿಯನ್‌ಗಳಲ್ಲ, ಅಂಗನವಾಡಿ ಕಾರ್ಯಕರ್ತೆಯರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐಸಿಡಿಎಸ್ ಶುರುವಾದಾಗ ಅದರಲ್ಲೊಂದು ನಮ್ಮ ಟಿ. ನರಸೀಪುರ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಬಸುರಿಗೆ ಮೊಟ್ಟೆ ಕೊಡೋರು, ಮಗುವಿನ ತೂಕ ಬರೆದಿಡೋರು, ಕಬ್ಬಿಣಾಂಶದ ಮಾತ್ರೆ ನುಂಗಿ ಅಂತ ಮನೆ ಮನೆಗೆ ಹೋಗಿ ಹೇಳೋರು ಇವರು.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದೇ ಸಮೀಕ್ಷೆಯಲ್ಲಿ ಶೇ. 30ರಷ್ಟು ಮಹಿಳೆಯರಿಗೆ ಅಧಿಕ ತೂಕ, ಶೇ. 17ರಷ್ಟು ಮಂದಿಗೆ ತೂಕವೇ ಸಾಲದು. ಕಾರ್ಯಕರ್ತೆಯರು ಆಕಾಶದಿಂದ ಇಳಿದು ಬಂದವರಲ್ಲ. ಅವರೂ ಇದೇ ಮಹಿಳೆಯರು, ಇದೇ ಊರು, ಇದೇ ರೇಷನ್ ಅಕ್ಕಿ, ಮೇಲಿಂದ ಸಾಲದ ಗೌರವಧನ.

ಸಲಹೆ ಕೊಡುವವರ ದೇಹವೇ ಪುರಾವೆಯಾಗಬೇಕು ಅನ್ನೋ ನಿಯಮ ಮಾಡಿದರೆ, ರಕ್ತಹೀನತೆ ಇರುವ ಕಾರ್ಯಕರ್ತೆ ಕಬ್ಬಿಣಾಂಶದ ಮಾತ್ರೆ ಹಂಚುವಂತಿಲ್ಲ. ಈ ನಿಯಮ ಎಷ್ಟು ಅಸಂಬದ್ಧ ಅಂತ ಗೊತ್ತಾಗೋದು ಇಲ್ಲೇ. ಅವರ ದೇಹದಲ್ಲಿ ಕಾಣೋದು ಅವರ ಅಜ್ಞಾನವೂ ಅಲ್ಲ, ಆಷಾಢಭೂತಿತನವೂ ಅಲ್ಲ. ಯಾರ ಪಾಲಿಗೆ ಏನು ಊಟ ಸಿಗುತ್ತೆ, ಮನೆಯಲ್ಲಿ ಕೊನೆಗೆ ಉಣ್ಣೋರು ಯಾರು ಅನ್ನೋದು ಅಲ್ಲಿ ಕಾಣುತ್ತೆ.

ಹೀಗೆ ನೋಡಿದರೆ ‘ಆದರ್ಶ ದೇಹ’ದ ಬೇಡಿಕೆಗೆ ವರ್ಗ, ಲಿಂಗ ಎರಡೂ ಅಂಟಿಕೊಂಡಿವೆ. ಜಿಮ್‌ಗೆ ಸಮಯ, ಪ್ರೋಟೀನ್‌ಗೆ ದುಡ್ಡು, ಎಂಟು ಗಂಟೆ ನಿದ್ದೆ, ಅಡುಗೆಗೆ ಇನ್ನೊಬ್ಬರು, ಇವೆಲ್ಲ ಇದ್ದವರಿಗೆ ಆ ದೇಹ ಸುಲಭ. ಡಯೆಟಿಷಿಯನ್ ವೃತ್ತಿ ನಮ್ಮಲ್ಲಿ ಗೃಹವಿಜ್ಞಾನ ಕಾಲೇಜುಗಳಿಂದ ಬೆಳೆದು ಬಂದದ್ದು, ಅದರಲ್ಲಿರೋರು ಹೆಚ್ಚಾಗಿ ಹೆಂಗಸರೇ. ಬೆಂಜಮಿನ್ ಮತ್ತು ಡಿ ಬ್ಲಾಕ್ ಇಬ್ಬರೂ ಮಹಿಳೆಯರು ಅನ್ನೋದನ್ನೂ ಮರೀಬೇಡಿ. ಹೊಟ್ಟೆ ಬಿಟ್ಟುಕೊಂಡು ಶುಗರ್ ಬಗ್ಗೆ ಬೈಯುವ ಗಂಡಸು ಡಾಕ್ಟರನ್ನು ‘ಹಿರಿಯರು’ ಅಂತ ಒಪ್ಪಿಕೊಳ್ಳೋ ನಾವು, ಪಕ್ಕದ ಕೋಣೆಯ ಡಯೆಟಿಷಿಯನ್‌ನನ್ನು ಮೇಲಿಂದ ಕೆಳಗೆ ಅಳೀತೀವಿ.

ಹಾಗಾದರೆ ಏನು ಕೇಳಬೇಕು?

ಆಹಾರ ತಜ್ಞರನ್ನು ಪ್ರಶ್ನಿಸಲೇಬಾರದು ಅಂತ ಈ ಲೇಖನ ಹೇಳ್ತಿಲ್ಲ. ಇನ್ನೂ ಗಟ್ಟಿಯಾಗಿ ಪ್ರಶ್ನಿಸಿ. ಸರಿಯಾದ ಪ್ರಶ್ನೆ ಕೇಳಿ.

ಏನು ಓದಿದ್ದೀರಿ, ಎಲ್ಲಿ ತರಬೇತಿ ಪಡೆದಿರಿ, ರಿಜಿಸ್ಟ್ರೇಷನ್ ಇದೆಯಾ?

ಡಯೆಟ್ ಚಾರ್ಟ್ ಕೊಡೋ ಮುಂಚೆ ನನ್ನ ರಕ್ತ ಪರೀಕ್ಷೆ, ಕಾಯಿಲೆ, ಮಾತ್ರೆಗಳ ಬಗ್ಗೆ ಕೇಳಿದಿರಾ?

ನಾನು ತಿನ್ನೋದು ಮುದ್ದೆಯೋ, ರೊಟ್ಟಿಯೋ, ಕುಸುಬಲಕ್ಕಿ ಗಂಜಿಯೋ? ತಿಂಗಳಿಗೆ ಎಷ್ಟು ದುಡಿತೀನಿ, ಅಡುಗೆ ಯಾರು ಮಾಡ್ತಾರೆ? ಇದು ತಿಳಿಯದೆ ಆವಕಾಡೊ, ಕೀನ್ವಾ ಬರೆದುಕೊಟ್ಟರೆ ಆ ಚಾರ್ಟ್ ಫ್ರಿಡ್ಜ್ ಮೇಲೆ ಅಂಟಿಸೋಕಷ್ಟೇ ಲಾಯಕ್ಕು.

ನೀವು ಹೇಳೋ ಪುಡಿ, ಶೇಕ್, ಮಾತ್ರೆ ನೀವೇ ಮಾರ್ತೀರಾ? ಕಮಿಷನ್ ಇದೆಯಾ?

“30 ದಿನದಲ್ಲಿ 10 ಕೆಜಿ” ಅಂತ ಮಾತು ಕೊಡ್ತಿದ್ದೀರಾ? ಕೊಟ್ಟರೆ ಎದ್ದು ಬನ್ನಿ.

ನಿಮಗೆ ಗೊತ್ತಿಲ್ಲದ್ದು ಬಂದಾಗ ಡಾಕ್ಟರ್ ಹತ್ರ ಕಳಿಸ್ತೀರಾ? ಮೂರು ತಿಂಗಳಾದ ಮೇಲೆ ನನ್ನ ಎಚ್‌ಬಿಎ1ಸಿ ಇಳಿದಿದೆಯಾ ಅಂತ ನೋಡ್ತೀರಾ, ಅಥವಾ ಬರೀ ತೂಕದ ಫೋಟೋ ಕೇಳ್ತೀರಾ?

ಇವೆಲ್ಲ ನಡೆಯ ಪ್ರಶ್ನೆಗಳು. ಸುಳ್ಳು ಹೇಳೋ ತೆಳ್ಳನೆಯವರು ಇದರಲ್ಲಿ ಸಿಕ್ಕಿಬೀಳ್ತಾರೆ, ವಿದ್ಯೆ ಇರುವ ದಪ್ಪನೆಯವರು ಪಾರಾಗ್ತಾರೆ. ದೇಹದ ಅಳತೆಗೋಲಿನಲ್ಲಿ ಇದು ತಿರುಗುಮುರುಗಾಗುತ್ತೆ.

ಇದರ ಜೊತೆ ಸರ್ಕಾರಕ್ಕೂ ಒಂದು ಪ್ರಶ್ನೆ ಬಾಕಿ ಇದೆ. ಡಾಕ್ಟರ್ ರಿಜಿಸ್ಟ್ರೇಷನ್ ನಂಬರ್ ಹುಡುಕಿದ ಹಾಗೆ, ಆಹಾರ ತಜ್ಞರ ಹೆಸರನ್ನು ಫೋನಿನಲ್ಲಿ ಹುಡುಕಿ ಅರ್ಹತೆ ನೋಡಿಕೊಳ್ಳೋ ಸೌಲಭ್ಯ ಪ್ರತಿ ಜಿಲ್ಲೆಯ ರೋಗಿಗೂ ಯಾವಾಗ ಸಿಗುತ್ತೆ? ಅಲ್ಲಿಯವರೆಗೆ ಮಾರುಕಟ್ಟೆ ಕನ್ನಡಿಯನ್ನೇ ಸರ್ಟಿಫಿಕೇಟ್ ಅಂತ ಮಾರುತ್ತೆ. ಮುಂದಿನ ಸಲ “ಮೊದಲು ಅವಳು ಇಳಿಸಲಿ” ಅನ್ನೋ ಮಾತು ನಾಲಿಗೆ ತುದಿಗೆ ಬಂದರೆ, ಆಕೆ ಹೇಳಿದ್ದು ಸರಿ ಇತ್ತಾ ಅನ್ನೋದನ್ನು ಮೊದಲು ನೋಡಿ.